ಯುವರ್ ಮ್ಯಾನ್ ಅಂದರೆ ಯಾರು

ನನಗೆ ಇಂಗ್ಲಿಷ್ ಬರುತ್ತದೆ ಎಂಬ ಜಂಬ ಮೊದಲಿನಿಂದಲೂ ಇತ್ತು. ಉಡುಪಿಯಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಎರಡನ್ನೂ ಮೊದಲ ಸಲಕ್ಕೇ ಪಾಸು ಮಾಡಿದವಳು ನಾನು. ಮದುವೆಯಾಗಿ ಒಮಾನಿಗೆ ಬಂದು ಕೆಲವು ವರ್ಷ ದಾರ್ಸೈಟಿನ ಫ್ಲಾಟಿನಲ್ಲಿ ಗಂಜಿ ಬೇಯಿಸಿಕೊಂಡಿದ್ದ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ ಖುರುಮಿನ ಒಂದು ಆಫೀಸಿನಲ್ಲಿ ಸೆಕ್ರೆಟರಿ ಕೆಲಸ ಸಿಕ್ಕಿತು. ಇವರು, ಅಂದರೆ ನನ್ನ ಗಂಡ, ಅದೇ ಕಂಪನಿಯಲ್ಲಿ ಮೆಕ್ಯಾನಿಕ್. ಬಾವಿ ಕೊರೆದು ಪಂಪು ಇಳಿಸುವುದು ಕಂಪನಿಯ ಕೆಲಸ. ಇವರ ಸೈಟು ಇಬ್ರಾದಿಂದ ಆಚೆ. ಗುರುವಾರ ಮಧ್ಯಾಹ್ನ ಪಿಕಪ್ಪಿನಲ್ಲಿ ಬಂದರೆ ಶುಕ್ರವಾರ ಸಂಜೆ ವಾಪಸ್ಸು. ನನ್ನ ಜಂಬವನ್ನು ಅವರು ಯಾವತ್ತೂ ತಮಾಷೆ ಮಾಡಿದವರಲ್ಲ. ಆ ಜಂಬಕ್ಕೆ ಬೆಲೆ ತೆತ್ತವರೂ ಅವರೇ.

ಆಫೀಸಿನ ಸಾಹೇಬರು ಐರ್ಲೆಂಡಿನವರು. ಕೆಂಪು ಮುಖ, ದೊಡ್ಡ ಧ್ವನಿ, ಮನಸ್ಸು ಕೆಟ್ಟದ್ದಲ್ಲ. ಅವರು ಆಡುತ್ತಿದ್ದುದು ಇಂಗ್ಲಿಷೇ ಆದರೂ ನಾನು ಕಲಿತ ಇಂಗ್ಲಿಷಲ್ಲ. ಮೊದಲ ವಾರ ಲೆಟರ್‌ಹೆಡ್ ಕಾಗದ ಎಲ್ಲಿದೆ ಎಂದು ಕೇಳಿದೆ. ಪ್ರೆಸ್ಸಿನಲ್ಲಿದೆ ಎಂದರು. ನಾನು ರೂವಿಯ ಮುದ್ರಣಾಲಯಕ್ಕೆ ಫೋನು ಮಾಡಿ, ನಮ್ಮ ಕಾಗದ ಯಾಕೆ ಕಳಿಸಿಲ್ಲ ಎಂದು ಜೋರು ಮಾಡಿದೆ. ಕಾಗದದ ಕಟ್ಟು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅವರ ಊರಿನಲ್ಲಿ ಕಪಾಟಿಗೆ ಪ್ರೆಸ್ ಎನ್ನುತ್ತಾರಂತೆ. ಇನ್ನೊಂದು ದಿನ ಮಗಳಿಗೆ ಶಾಲೆಗೆ ರಜೆಯೆಂದು ಆಫೀಸಿಗೆ ಕರೆದುಕೊಂಡು ಹೋಗಿದ್ದೆ. ಇವಳು ಬೋಲ್ಡಾ ಎಂದು ಸಾಹೇಬರು ಕೇಳಿದರು. ಹೌದು ಸರ್, ತುಂಬಾ ಬೋಲ್ಡ್, ಇಡೀ ಕ್ಲಾಸಿನಲ್ಲಿ ಇವಳಷ್ಟು ಬೋಲ್ಡ್ ಯಾರೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಅವರ ಮಾತಿನಲ್ಲಿ ಬೋಲ್ಡ್ ಅಂದರೆ ತಂಟೆಕೋರ ಮಗು ಎಂದು ಆಮೇಲೆ ತಿಳಿಯಿತು.

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ಒಂದೇ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿರಬೇಕು, ಸಾಹೇಬರು ಫೋನು ಇಟ್ಟು ಹೊರಗೆ ಬಂದು ನನ್ನ ಮೇಜಿನ ಮುಂದೆ ನಿಂತು, 'ಯುವರ್ ಮ್ಯಾನ್ ಈಸ್ ಆಫ್ಟರ್ ಗೆಟ್ಟಿಂಗ್ ದ ಸ್ಯಾಕ್' ಎಂದರು. ಹೇಳಿ ನಗುತ್ತಾ ಒಳಗೆ ಹೋದರು. ನಮ್ಮ ಕಡೆ 'ನಿಮ್ಮವರು ಬಂದ್ರಾ' ಎಂದು ಪಕ್ಕದ ಮನೆಯವರು ಕೇಳಿದರೆ, ಯಾರನ್ನು ಕೇಳಿದ್ದು ಎಂದು ಯಾವ ಹೆಂಗಸೂ ಯೋಚಿಸುವುದಿಲ್ಲ. ನಿಮ್ಮವರು ಅಂದರೆ ಲೋಕದಲ್ಲಿ ಒಬ್ಬರೇ. ಆ ಒಬ್ಬರನ್ನು ಕೆಲಸದಿಂದ ತೆಗೆದಾಯಿತು, ಅದನ್ನು ಈ ಮನುಷ್ಯ ನಗುತ್ತಾ ಹೇಳಿದ! ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದ, ನಾವೆಲ್ಲ ಅಕ್ಕ ಎನ್ನುವ ಹಾಗೆ 'ಬಾಯಿ' ಎಂದು ಕರೆಯುತ್ತಿದ್ದ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಅವರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು, ನನಗಿಂತ ಹತ್ತು ವರ್ಷ ದೊಡ್ಡವರು, ಯಾರಿಗೂ ಹೆದರುವ ಜಾತಿಯಲ್ಲ. ವಿಷಯ ಕೇಳಿದವರೇ ನೇರ ಸಾಹೇಬರ ಕೋಣೆಗೆ ನುಗ್ಗಿದರು. ಕೆಲಸ ಹೋದದ್ದು ಯಾವುದೋ ಪಂಪಿನ ಕಂಪನಿಯ ಸೇಲ್ಸ್‌ಮನ್ನನದು. ಐರ್ಲೆಂಡಿನವರ ಬಾಯಲ್ಲಿ 'ಯುವರ್ ಮ್ಯಾನ್' ಅಂದರೆ ನಿನ್ನ ಗಂಡ ಅಲ್ಲ, ನಿನ್ನ ಕಡೆಯವನೂ ಅಲ್ಲ. ಬರೀ 'ಆ ಜನ', 'ಆ ಆಸಾಮಿ'. ಸಾಹೇಬರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಒಂದು ತಿಂಗಳು, ಆಫೀಸಿಗೆ ಬಂದವರಿಗೆಲ್ಲ ಚಹಾದ ಜೊತೆ ಈ ಕಥೆಯೂ ಸಿಗುತ್ತಿತ್ತು. ಟ್ರೇ ಹಿಡಿದುಕೊಂಡು ಬಂದ ನಾನು ಅದೇ ಕೋಣೆಯಲ್ಲಿ ನಿಂತಿರುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಇನ್ನು ಸತ್ತರೂ ಈ ಮನುಷ್ಯನ ಹತ್ತಿರ 'ಅಂದರೆ ಏನು' ಎಂದು ಕೇಳುವುದಿಲ್ಲ ಎಂದು ಅವತ್ತೇ ನಿರ್ಧಾರ ಮಾಡಿದೆ.

ಕೇಳದೆ ಕಲಿತೆ. ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಗಿವಿಂಗ್ ಔಟ್ ಅಂದರೆ ಹಂಚುವುದಲ್ಲ, ಬೈಯುವುದು. ಯೋಕ್ ಅಂದರೆ ಹೆಸರು ಬಾಯಿಗೆ ಬಾರದ ಯಾವ ವಸ್ತುವೂ ಆದೀತು, ನಾವು 'ಅದೆಂತದು' ಅನ್ನುತ್ತೇವಲ್ಲ, ಹಾಗೆ. 'ಐ ವಿಲ್, ಯೆಸ್' ಎಂದು ಎಳೆದು ಹೇಳಿದರೆ ಖಂಡಿತ ಮಾಡುವುದಿಲ್ಲ ಎಂದರ್ಥ. ಗ್ರ್ಯಾಂಡ್ ಅಂದರೆ ಆದೀತು, ಸಾಕು, ಪರವಾಗಿಲ್ಲ, ಹಾಳಾಗಿ ಹೋಗಲಿ, ಇವುಗಳಲ್ಲಿ ಯಾವುದೂ ಇರಬಹುದು. ಮುಖ ನೋಡಿ ತಿಳಿದುಕೊಳ್ಳಬೇಕು. ವರ್ಷ ಎರಡಾಗುವುದರೊಳಗೆ ಇಡೀ ಆಫೀಸಿಗೆ ನಾನೇ ದುಭಾಷಿ. ಸಾಹೇಬರು ಏನೋ ಗೊಣಗಿ ಹೋದರೆ ಇಂಜಿನಿಯರುಗಳೂ ನನ್ನ ಮೇಜಿಗೆ ಬಂದು, ಮೇಡಂ, ಬೈದದ್ದಾ ಹೊಗಳಿದ್ದಾ ಎಂದು ಕೇಳುತ್ತಿದ್ದರು. ಅಲ್ಪವಿದ್ಯಾ ಮಹಾಗರ್ವಿ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದುದು ನನ್ನಂಥವರನ್ನು ನೋಡಿಯೇ ಇರಬೇಕು.

ಸೈಟಿಗೆ ಆಗ ಫೋನು ಇರಲಿಲ್ಲ. ಒಂದು ವೈರ್‌ಲೆಸ್ ಸೆಟ್ಟು ಇತ್ತು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಅಲ್ಲಿ ಅರ್ಧ ಗಂಟೆ ಸೆಟ್ಟು ಹಾಕಿಡುತ್ತಿದ್ದರು. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಕ್ಯಾಂಪಿನ ಟೈಮ್‌ಕೀಪರ್. ಸಾಹೇಬರ ಮಾತನ್ನು ಹಿಂದಿಗೆ ತಿರುಗಿಸಿ ದಾಟಿಸುವುದು ನನ್ನ ಕೆಲಸ. ಬರೀ ದಾಟಿಸುತ್ತಿರಲಿಲ್ಲ, ಸಾಹೇಬರ ಮನಸ್ಸಿನಲ್ಲಿ ಏನಿದೆ ಎಂದು ನನ್ನದೇ ಎರಡು ಮಾತು ಸೇರಿಸುತ್ತಿದ್ದೆ. ಯಾರೂ ಬೇಡ ಅಂದಿರಲಿಲ್ಲ.

ಅವತ್ತು ಮಂಗಳವಾರ. ಹಿಂದಿನ ದಿನ ಸಾಹೇಬರು ಸೈಟಿಗೆ ಹೋಗಿ ಬಂದಿದ್ದರು. ಬೆಳಿಗ್ಗೆ ಬಂದವರೇ ಕ್ರೇನಿನ ಡ್ರೈವರನ ಸುದ್ದಿ ತೆಗೆದರು. ಲಾರಿಯ ಮೇಲೆ ಕೂರಿಸಿದ ಸಣ್ಣ ಕ್ರೇನು ಅದು, ಪಕ್ಕದಲ್ಲಿ ನಿಂತು ಲಿವರ್ ಎಳೆಯಬೇಕು. ಡ್ರೈವರ್ ಒಬ್ಬ ವಯಸ್ಸಾದ ಪಠಾಣ. ಗಡ್ಡದ ಯುವರ್ ಮ್ಯಾನ್ ನಿನ್ನೆಯೆಲ್ಲ ಗಿವಿಂಗ್ ಔಟ್ ಮಾಡುತ್ತಿದ್ದ ಎಂದು ಸಾಹೇಬರು ಹೇಳಿದರು. ಆ ಪಠಾಣ ಸಾಹೇಬರಿಗೇ ಬೈದನೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರಲ್ಲಿ ಫೋನು ಬಂತು, ಮಾತು ಅಲ್ಲಿಗೆ ನಿಂತಿತು. ಹನ್ನೊಂದೂವರೆಗೆ ಸಾಹೇಬರು ಕಾರಿನ ಕೀ ಹಿಡಿದು ಮೀಟಿಂಗಿಗೆ ಹೊರಟರು. ಬಾಗಿಲ ಹತ್ತಿರ ತಿರುಗಿ ಹೇಳಿದರು:

"ಟೆಲ್ ಯುವರ್ ಮ್ಯಾನ್ ಟು ಲೀವ್ ದಟ್ ಯೋಕ್ ಅಲೋನ್ ಟಿಲ್ ಐ ಗೆಟ್ ಔಟ್ ದೇರ್."

ನಾನು ಬರುವ ತನಕ ಆ ವಸ್ತುವನ್ನು ಮುಟ್ಟಬೇಡ ಎಂದು ಆ ಆಸಾಮಿಗೆ ಹೇಳು. ಯೋಕ್ ಅಂದರೆ ಕ್ರೇನು. ಯುವರ್ ಮ್ಯಾನ್ ಅಂದರೆ ಗಡ್ಡದ ಡ್ರೈವರ್. ನನಗೆ ಒಂದು ಚೂರೂ ಅನುಮಾನ ಬರಲಿಲ್ಲ.

ಹನ್ನೆರಡಕ್ಕೆ ಸೆಟ್ಟಿನಲ್ಲಿ ಟೈಮ್‌ಕೀಪರನಿಗೆ ಹೇಳಿದೆ: ಸಾಹೇಬರು ಬರುವ ತನಕ ಡ್ರೈವರ್ ಕ್ರೇನ್ ಮುಟ್ಟಬಾರದು. ಯಾಕೆ ಎಂದು ಅವನು ಕೇಳಿದ. ನಿನ್ನೆ ಎದುರು ಮಾತಾಡಿದ್ದಾನಂತೆ, ಸಾಹೇಬರಿಗೆ ಸಿಟ್ಟು ಬಂದಿದೆ ಎಂದು ನನ್ನ ಎರಡು ಮಾತು ಸೇರಿಸಿದೆ. ಇವರನ್ನು ಕರೆಯಲಾ ಎಂದು ಅವನು ಕೇಳಿದ. ಬೇಡ, ಕೆಲಸದಲ್ಲಿರುತ್ತಾರೆ ಎಂದೆ.

ಒಂದು ಗಂಟೆಗೆ ಸಾಹೇಬರು ಬಂದರು. ಯುವರ್ ಮ್ಯಾನ್ ಸಿಕ್ಕಿದನಾ ಎಂದು ಕೇಳಿದರು. ಯೆಸ್ ಸರ್ ಎಂದೆ. ಗ್ರ್ಯಾಂಡ್ ಎಂದರು. ಈ ಗ್ರ್ಯಾಂಡ್ ನಿಜವಾದ ಸಮಾಧಾನದ್ದು, ಮುಖ ನೋಡಿದರೇ ತಿಳಿಯುತ್ತಿತ್ತು. ಕೋಣೆಗೆ ಹೋಗುತ್ತಾ, ನಿನ್ನ ಗಂಡ ಕೈಕೆಲಸದಲ್ಲಿ ಬಹಳ ಜಾಣ, ಆದರೆ ಯಾವುದಕ್ಕೂ ಹೆದರುವುದಿಲ್ಲ, ಆ ಕ್ರೇನಿನ ಉಕ್ಕಿನ ಹಗ್ಗ ಅರ್ಧ ಹರಿದಿದೆ, ಡ್ರೈವರ್ ನಿನ್ನೆಯೇ ಅದನ್ನು ತೋರಿಸಿ ಕೂಗಾಡಿದ, ನಿನ್ನ ಗಂಡನಿಗೆ ಹೇಳಿಸಿದ್ದು ಒಳ್ಳೆಯದಾಯಿತು ಎಂದರು. ಈ ಸಲ 'ಹಸ್ಬೆಂಡ್' ಎಂಬ ಶಬ್ದವನ್ನೇ ಬಳಸಿದ್ದರು.

ಪಠಾಣನನ್ನು ನಾನೇ ಕ್ರೇನಿನ ಕೆಲಸದಿಂದ ತಪ್ಪಿಸಿದ್ದೆ. ಅದೂ ಶಿಕ್ಷೆಯೆಂದು ಹೇಳಿ ತಪ್ಪಿಸಿದ್ದೆ. ಹಗ್ಗಕ್ಕಾಗಿ ಕ್ರೇನು ಮುಟ್ಟಬಾರದೆಂಬ ಮಾತು ಇವರಿಗೆ ಹೋಗಿಯೇ ಇಲ್ಲ. ಕ್ಯಾಂಪಿನ ಬಾವಿಯ ಪಂಪು ಕೆಟ್ಟಿತ್ತು, ಅದನ್ನು ಕ್ರೇನಿನಿಂದ ಎತ್ತಿ ರಿಪೇರಿ ಮಾಡದಿದ್ದರೆ ಇಡೀ ಕ್ಯಾಂಪಿಗೆ ನೀರಿಲ್ಲ. ಡ್ರೈವರ್ ಇಲ್ಲದಿದ್ದರೆ ಆ ಲಿವರ್ ಎಳೆಯಲು ಬರುವ ಇನ್ನೊಬ್ಬರು ಸೈಟಿನಲ್ಲಿ ಯಾರು? ಇವರು.

ಆ ಕ್ಷಣವೇ ಸಾಹೇಬರ ಕೋಣೆಗೆ ಹೋಗಿ, ಸರ್, ನನಗೆ ತಪ್ಪು ಅರ್ಥವಾಯಿತು ಎನ್ನಬೇಕಿತ್ತು. ಹೋಗಲಿಲ್ಲ. ಸೆಟ್ಟಿನ ಮುಂದೆ ಕೂತು ಕರೆದೆ. ಸೈಟಿನವರ ಸೆಟ್ಟು ನಾಲ್ಕರವರೆಗೆ ಬಂದ್ ಎಂದು ನನಗೆ ಗೊತ್ತಿತ್ತು, ಆದರೂ ಕರೆದೆ, ಕರೆದೇ ಕರೆದೆ. ಬರೀ ಕರಕರ ಸದ್ದು. ಬಾಯಿ ಎದ್ದು ಬಂದು, ಎಂತಾಯ್ತು, ಮುಖ ಯಾಕೆ ಹೀಗೆ ಉಂಟು ಎಂದು ಕೇಳಿದರು. ಏನಿಲ್ಲ ಎಂದೆ. ಇಬ್ರಾದ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಒಬ್ಬ ಮಲಯಾಳಿಯ ದಿನಸಿ ಅಂಗಡಿ ಇತ್ತು, ಇವರು ಕೆಲವೊಮ್ಮೆ ಅಲ್ಲಿಂದ ಫೋನು ಮಾಡುತ್ತಿದ್ದರು. ಅಲ್ಲಿಗೆ ಹಚ್ಚಿದೆ. ಯಾರನ್ನಾದರೂ ಸೈಟಿಗೆ ಓಡಿಸಿ, ಕ್ರೇನು ಮುಟ್ಟಬೇಡಿ ಎಂದು ಹೇಳಿಸಿ ಎಂದು ಹಿಂದಿಯಲ್ಲಿ ಬೇಡಿದೆ. ಅಂಗಡಿಯವನು, ನಿಮ್ಮ ಕಂಪನಿಯ ಪಿಕಪ್ ಈಗಷ್ಟೇ ಹಾರ್ನ್ ಹೊಡೆದುಕೊಂಡು ಆಸ್ಪತ್ರೆ ಕಡೆಗೆ ಹೋಯಿತು, ಹಿಂದೆ ಯಾರನ್ನೋ ಮಲಗಿಸಿದ್ದರು ಎಂದ. ಯಾರು ಎಂದು ಕೇಳಿದೆ. ಮುಖ ಕಾಣಲಿಲ್ಲ ಎಂದ.

ಅಂಗಡಿಯವನು ಹೇಳಿದ್ದನ್ನಷ್ಟೇ ಸಾಹೇಬರಿಗೆ ಹೇಳಿದೆ. ಮಗಳನ್ನು ಶಾಲೆಯಿಂದ ಕರೆತರುವ ಭಾರ ಬಾಯಿ ಹೊತ್ತರು. ಸಾಹೇಬರು ಕಾರು ತೆಗೆದರು, ನಾನು ಪಕ್ಕದಲ್ಲಿ ಕೂತೆ. ಇಬ್ರಾಕ್ಕೆ ಎರಡು ಗಂಟೆಯ ದಾರಿ, ಅವರು ಓಡಿಸಿದ ಹಾಗೆ ಓಡಿಸಿದರೆ ಇನ್ನೂ ಕಡಿಮೆ. ಎರಡೂ ಕಡೆ ಬೋಳು ಗುಡ್ಡ, ನಡುವೆ ರಸ್ತೆ. ನಾನು ನೋಡುತ್ತಿದ್ದುದು ನನ್ನ ಕೈಗಳನ್ನು ಮಾತ್ರ. ದೇವರೇ, ಪಿಕಪ್ಪಿನಲ್ಲಿದ್ದವರು ಬೇರೆ ಯಾರಾದರೂ ಆಗಿರಲಿ ಎಂದು ಬೇಡಿಕೊಂಡೆ. ಬೇರೆಯವರ ಹೆಂಡತಿಗೂ ಗಂಡ ಒಬ್ಬನೇ ಎಂದು ಗೊತ್ತಿದ್ದೂ ಹಾಗೆ ಬೇಡಿಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಬಿದ್‌ಬಿದ್ ಎಂಬ ಊರು ದಾಟಿದ ಮೇಲೆ ಸಾಹೇಬರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, ನೀನು ಅವನಿಗೆ ಹೇಳಿದ್ದೆ ತಾನೇ ಎಂದು. ಯೆಸ್ ಸರ್ ಎಂದೆ. ಹಾಗಾದರೆ ಯಾಕೆ ಮುಟ್ಟಿದ ಎಂದು ಸ್ಟಿಯರಿಂಗಿಗೆ ಕೈಯಿಂದ ಬಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಆ ಎರಡನೆಯ ಯೆಸ್ ಸರ್ ಬರೀ ತಪ್ಪು ತಿಳಿವಳಿಕೆಯಲ್ಲ, ಹಸಿ ಸುಳ್ಳು.

ಆಸ್ಪತ್ರೆಯಲ್ಲಿದ್ದವರು ಇವರೇ. ಜೀವಕ್ಕೆ ಅಪಾಯವಿರಲಿಲ್ಲ. ಹಗ್ಗ ಹರಿದು ಹಿಂದಕ್ಕೆ ಬೀಸಿ ಹೊಡೆದಿತ್ತು. ಎಡಗೈಯ ಎರಡು ಬೆರಳು ಹೋಗಿದ್ದವು, ಮೊಣಕೈಯ ಕೆಳಗೆ ಮೂಳೆ ಮುರಿದಿತ್ತು. ಬಾಗಿಲ ಹೊರಗೆ ಬೆಂಚಿನಲ್ಲಿ ಪಠಾಣ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಇವರು ಎಚ್ಚರವಾಗಿದ್ದರು, ಮುಖ ಸುಣ್ಣದಂತಾಗಿತ್ತು. ನನ್ನನ್ನು ನೋಡಿ, ಮಗು ಎಲ್ಲಿ ಎಂದು ತುಳುವಿನಲ್ಲಿ ಕೇಳಿದರು. ಬಾಯಿಯ ಮನೆಯಲ್ಲಿ ಎಂದೆ. ಸಾಹೇಬರು ಮಂಚದ ಕಾಲ ಬಳಿ ನಿಂತು, ನಿನ್ನ ಹೆಂಡತಿ ನಿನಗೆ ಹೇಳಿಕಳಿಸಲಿಲ್ಲವೇ ಎಂದು ಕೇಳಿದರು.

ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಸೆಟ್ಟಿನಲ್ಲಿ ನಾನು ಆಡಿದ್ದು ಅವರಿಗೆ ಪಠಾಣನಿಂದ, ಟೈಮ್‌ಕೀಪರನಿಂದ ಅಷ್ಟರಲ್ಲೇ ಗೊತ್ತಾಗಿತ್ತು. ಅವರಿಗೆಂದು ನಾನು ಒಂದು ಮಾತನ್ನೂ ಕಳಿಸಿರಲಿಲ್ಲ ಎಂಬುದೂ ಗೊತ್ತಿತ್ತು.

"ಶೀ ಟೋಲ್ಡ್, ಸರ್," ಎಂದರು ಇವರು. "ಮೈ ಮಿಸ್ಟೇಕ್."

ಸಾಹೇಬರು ತಲೆಯಾಡಿಸಿ ಹೊರಗೆ ಹೋದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಇವರು ಕಣ್ಣು ಮುಚ್ಚಿಕೊಂಡರು. ಆ ಮಾತಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ವಾರದ ಮೇಲೆ ಇವರು ದಾರ್ಸೈಟಿನ ಮನೆಗೆ ಬಂದರು, ಕೈಗೆ ಪ್ಲಾಸ್ಟರ್. ನಾನು ಮೀನಿನ ಮುಳ್ಳು ತೆಗೆದು ಬಟ್ಟಲಿಗೆ ಹಾಕುತ್ತಿದ್ದೆ, ಅಂಗಿಯ ಬಟನ್ ಹಾಕುತ್ತಿದ್ದೆ. ಬಾಯಿಗೆ ಮಾತ್ರ ಒಂದು ದಿನ ಎಲ್ಲ ಹೇಳಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡು, ಆದದ್ದು ಆಯ್ತು ಮಾರಾಯ್ತಿ, ಈಗ ಹೇಳಿದ್ರೆ ನಿನ್ನ ಕೆಲಸವೂ ಖಲಾಸ್, ಎರಡು ಸಂಬಳ ಒಟ್ಟಿಗೆ ಹೋಗುವುದು ಬೇಡ ಎಂದರು. ಅವರ ಮಾತಿನಲ್ಲಿ ತೂಕವಿತ್ತು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಶನಿವಾರ ಬೆಳಿಗ್ಗೆ ಸಾಹೇಬರು ಅಪಘಾತದ ವರದಿಯನ್ನು ಕೈಬರಹದಲ್ಲಿ ಬರೆದು ನನ್ನ ಮೇಜಿಗೆ ತಂದಿಟ್ಟರು. ಹೆಡ್ ಆಫೀಸಿಗೂ, ನಮಗೆಲ್ಲ ವೀಸಾ ಕೊಡಿಸಿದ ಒಮಾನಿ ಕಫೀಲನಿಗೂ ಪ್ರತಿ ಹೋಗಬೇಕು, ಇವತ್ತೇ ಟೈಪ್ ಆಗಬೇಕು ಎಂದರು. ಸ್ವರದಲ್ಲಿ ಮರುಕವಿತ್ತು. ಕಾರ್ಬನ್ ಜೋಡಿಸಿ ಟೈಪ್ ಮಾಡತೊಡಗಿದೆ. ಮೂರನೆಯ ಪ್ಯಾರಾದಲ್ಲಿ ಹೀಗಿತ್ತು: ಕ್ರೇನು ಮುಟ್ಟಬಾರದೆಂದು ಮೆಕ್ಯಾನಿಕನಿಗೆ ಮೊದಲೇ ಆಜ್ಞೆ ಹೋಗಿತ್ತು. ಆಜ್ಞೆ ತಲುಪಿತ್ತೆಂದು ಅವನೇ ಒಪ್ಪಿಕೊಂಡಿದ್ದಾನೆ. ಆಜ್ಞೆ ಮೀರಿದ್ದರಿಂದ ಕಂಪನಿಯ ನಿಯಮದಂತೆ ವೀಸಾ ರದ್ದು ಮಾಡಿ ಊರಿಗೆ ಕಳಿಸಬೇಕೆಂದು ಶಿಫಾರಸು.

ನನ್ನ ಬೆರಳು ನಿಂತಿತು. ಇವರ ವೀಸಾ ಹೋದರೆ ನನ್ನದೂ ಮಗಳದೂ ಅದರ ಜೊತೆಗೇ ಹೋಗುತ್ತದೆ. ಮಗಳ ಪರೀಕ್ಷೆಗೆ ಇನ್ನೆರಡು ತಿಂಗಳಿತ್ತು. ಎಡಗೈಯಲ್ಲಿ ಮೂರು ಬೆರಳು, ಕಾಗದದ ಮೇಲೆ ಮಾತು ಕೇಳದವನೆಂಬ ಹೆಸರು, ಅಂಥ ಮೆಕ್ಯಾನಿಕನಿಗೆ ಎಲ್ಲಿ ಕೆಲಸ ಸಿಕ್ಕೀತು? ಇದೆಲ್ಲ ತಲೆಗೆ ಬಂದದ್ದು ಹೌದು. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಇದೊಂದೂ ಅಲ್ಲ. ಹದಿನೈದು ವರ್ಷ ಮೆಷಿನ್ನಿನ ಜೊತೆ ಬದುಕಿದ, ಒಂದು ನಟ್ಟನ್ನೂ ಅಜಾಗ್ರತೆಯಿಂದ ಬಿಗಿಯದ ಮನುಷ್ಯ, ನನ್ನ ಮರ್ಯಾದೆಗಾಗಿ ತನ್ನ ಮೇಲೆ ಹೊತ್ತುಕೊಂಡ ಸುಳ್ಳನ್ನು ನನ್ನ ಕೈಯಿಂದಲೇ ಟೈಪ್ ಮಾಡಬೇಕಿತ್ತು. ಅದು ನನ್ನಿಂದಾಗಲಿಲ್ಲ.

ಹಾಳೆಯನ್ನು ಮೆಷಿನ್ನಿನಲ್ಲೇ ಬಿಟ್ಟು ಸಾಹೇಬರ ಕೋಣೆಗೆ ಹೋದೆ. ನಾನು ಹೇಳಿದ್ದು ಡ್ರೈವರನಿಗೆ, ಗಂಡನಿಗಲ್ಲ, ನಿಮ್ಮ ಮಾತು ನನಗೆ ಅರ್ಥವಾಗಲಿಲ್ಲ, ಒಂದು ಗಂಟೆಗೆ ಅರ್ಥವಾದ ಮೇಲೂ ನಿಮಗೆ ಹೇಳಲಿಲ್ಲ, ಕಾರಿನಲ್ಲಿ ಸುಳ್ಳು ಹೇಳಿದೆ, ಆಸ್ಪತ್ರೆಯಲ್ಲಿ ಅವರು ನನಗಾಗಿ ಸುಳ್ಳು ಹೇಳಿದರು ಎಂದೆ. ಎಲ್ಲೂ ನಿಲ್ಲಿಸದೆ ಹೇಳಿದೆ. ನಿಲ್ಲಿಸಿದ್ದರೆ ಉಳಿದದ್ದು ಹೊರಗೆ ಬರುತ್ತಿರಲಿಲ್ಲ. ಸಾಹೇಬರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, ಮನೆಗೆ ಹೋಗು ಎಂದರು. ಬೈದದ್ದೋ, ಕೆಲಸದಿಂದ ತೆಗೆದದ್ದೋ, ಕರುಣೆಯೋ, ಯಾವುದೂ ನನಗೆ ಗೊತ್ತಾಗಲಿಲ್ಲ.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಸಾಹೇಬರು ವರದಿಯನ್ನು ಹರಿದು ಬೇರೆ ಬರೆದರು, ಆಜ್ಞೆ ಸ್ಪಷ್ಟವಿರಲಿಲ್ಲ, ಹಗ್ಗ ನೋಡಿದ ದಿನವೇ ತಾನು ಕ್ರೇನು ನಿಲ್ಲಿಸಬೇಕಿತ್ತು ಎಂದು. ಇವರನ್ನು ಸ್ಟೋರಿನ ಕೆಲಸಕ್ಕೆ ಹಾಕಿಕೊಂಡರು, ಮಗಳ ಶಾಲೆ ತಪ್ಪಲಿಲ್ಲ. ನನ್ನ ಕೆಲಸ ತಿಂಗಳ ಕೊನೆಗೆ ಹೋಯಿತು, ಅದು ನ್ಯಾಯವೇ. ಆದರೆ ಆ ಶನಿವಾರ ಟ್ಯಾಕ್ಸಿಯಲ್ಲಿ ಬರುವಾಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಮೂವರ ಪೆಟ್ಟಿಗೆ ಕಟ್ಟಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಮನೆಯಲ್ಲಿ ಇವರು ಕಿಟಕಿಯ ಹತ್ತಿರ ಕೂತಿದ್ದರು. ಚಪ್ಪಲಿ ಬಿಚ್ಚುವ ಮೊದಲೇ ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ನನ್ನ ಮೇಲೆ ಅಂಥ ಸಿಟ್ಟು ನೋಡಿರಲಿಲ್ಲ. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನಾನು ಹೇಳಿದ್ದು ಹೇಳಿ ಆಗಿತ್ತು. ನೀನು ಯಾಕೆ ಹೋಗಿ ಹಾಳು ಮಾಡಿದ್ದು?"

"ನನ್ನ ಕೈಯಲ್ಲೇ ಬರೆಸಿದ್ರು. ಆಗ್ಲಿಲ್ಲ ನನಗೆ."

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಶಾಲೆಯ ಮಕ್ಕಳು ಮನೆಗೆ ಬರುವ ಗದ್ದಲ ಶುರುವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಸಿಟ್ಟಿಲ್ಲದ ಸ್ವರದಲ್ಲಿ ಕೇಳಿದರು.

"ಅವ್ರು ಎಂತ ಹೇಳಿದ್ದು, ಸರಿಯಾಗಿ ಹೇಳು ನೋಡುವ. ಇಂಗ್ಲಿಷಿನಲ್ಲೇ."

"ಟೆಲ್ ಯುವರ್ ಮ್ಯಾನ್, ಅಂತ."

ಇವರು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಇಂಗ್ಲಿಷ್ ಕಲಿತದ್ದೆಲ್ಲ ಸ್ಪ್ಯಾನರ್, ಜ್ಯಾಕ್, ಓಕೆ ಸರ್, ನೋ ಸರ್, ಅಷ್ಟರಲ್ಲೇ.

"ನಿನ್ನ ಗಂಡನಿಗೆ ಹೇಳು ಅಂತ," ಎಂದರು. "ಅದರಲ್ಲಿ ಗೊತ್ತಾಗ್ಲಿಕ್ಕೆ ಎಂತ ಉಂಟು?"

"ಎಂತದೂ ಇಲ್ಲ," ಎಂದೆ.